ತುಟಿಯ ಗುಟ್ಟು ಬೆನ್ನಿಗೆ ಗೊತ್ತಿತ್ತು

ನನಗೊಂದು ಕೆಟ್ಟ ಚಟವಿದೆ. ಎದುರಿಗೆ ಯಾರಾದರೂ ನಾಲಗೆಯಿಂದ ತುಟಿ ಸವರಿಕೊಂಡರೆ ಸಾಕು, ಅವರು ಗುರುತಿನವರೋ ಅಲ್ಲವೋ ನೋಡದೆ "ನಾಲಗಿ ಒಳಗ!" ಅಂದುಬಿಡುತ್ತೇನೆ. ಹೋದ ಚಳಿಗಾಲದಲ್ಲಿ ಕೊಟ್ಟೂರಿನ ಬ್ಯಾಂಕಿನಲ್ಲಿ ಗಾಜಿನ ಹಿಂದೆ ಕೂತಿದ್ದ ಹುಡುಗಿಗೂ ಹೀಗೆಯೇ ಅಂದೆ. ಆಕೆ ಪಾಪ, ತಾನೇನು ತಪ್ಪು ಮಾತಾಡಿದೆನೋ ಎಂದು ಮುಖ ಸಣ್ಣದು ಮಾಡಿಕೊಂಡಳು. "ಹಂಗಲ್ಲವ್ವಾ, ತುಟಿ ನೆಕ್ಕಬ್ಯಾಡ ಅಂತ ಹೇಳಿದೆ. ನೆಕ್ಕಿದಷ್ಟೂ ಒಣಗ್ತಾವು" ಎಂದು ನಾನು ಸಮಜಾಯಿಷಿ ಕೊಡುವಷ್ಟರಲ್ಲಿ ಹಿಂದೆ ನಿಂತವರು ಗೊಣಗತೊಡಗಿದ್ದರು. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ, "ನಿಮ್ಮನ್ನ ಒಬ್ಬರ್ನ ಹೊರಗ ಬಿಡಬಾರದು ನೋಡ್ರಿ" ಅಂದಳು.

ಏನು ಮಾಡಲಿ, ನೀವೇ ಹೇಳಿ. ಎಲ್ಲರೂ ಜನರ ಕಣ್ಣು ನೋಡಿ ಮಾತಾಡುತ್ತಾರೆ, ನಾನು ತುಟಿ ನೋಡುತ್ತೇನೆ. ಮದುವೆ ಮನೆಯಲ್ಲಿ ವರನ ತುಟಿ ಬಿರಿದಿದ್ದರೆ ಅಕ್ಕಿಕಾಳು ಹಾಕುವುದನ್ನೂ ಮರೆತು ಅದನ್ನೇ ನೋಡುತ್ತ ನಿಲ್ಲುತ್ತೇನೆ. ಇದು ನನಗೆ ಅಂಟಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ನಾನಿನ್ನೂ ಮೀಸೆ ತಿದ್ದಿಕೊಳ್ಳುವ ವಯಸ್ಸಿನಲ್ಲಿ ಬಸ್ಸಿನ ಕಂಡಕ್ಟರನಾಗಿದ್ದಾಗ. ಸರಕಾರಿ ಬಸ್ಸಲ್ಲ, ಸಾಹುಕಾರರೊಬ್ಬರ ಖಾಸಗಿ ಬಸ್ಸು. ಬೆಳಿಗ್ಗೆ ಹಡಗಲಿ ಬಿಟ್ಟರೆ ಹಗರಿಬೊಮ್ಮನಹಳ್ಳಿ, ಕೊಟ್ಟೂರು ಹಾದು ಕೂಡ್ಲಿಗಿ, ಅಲ್ಲಿಂದ ಕಾನಹೊಸಹಳ್ಳಿ. ವಾರದಲ್ಲಿ ಕೆಲವು ದಿನ ಕೊಟ್ಟೂರಿನಿಂದ ಹರಪನಹಳ್ಳಿಗೂ ಒಂದು ಸುತ್ತು. ಮನುಷ್ಯರಷ್ಟೇ ಅಲ್ಲ, ಮಲ್ಲಿಗೆಯ ಬುಟ್ಟಿ, ಶೇಂಗಾ ಚೀಲ, ಕಾಲು ಕಟ್ಟಿದ ಕೋಳಿ ಎಲ್ಲವೂ ನನ್ನ ಪ್ರಯಾಣಿಕರೇ.

ಅದೇ ಬಸ್ಸಿಗೆ ನನಗಿಂತ ಮೊದಲು ನಮ್ಮಪ್ಪ ಕಂಡಕ್ಟರ್. ವಿಷಮಜ್ವರದಲ್ಲಿ ಅಪ್ಪ ತೀರಿಕೊಂಡಾಗ ಮಾತಾಡಿಸಲು ಬಂದ ಸಾಹುಕಾರರು ಚರ್ಮದ ಚೀಲವನ್ನೂ ಅಪ್ಪನ ಸೀಟಿಯನ್ನೂ ನನ್ನ ಕೈಗೆ ಕೊಟ್ಟು, "ನಿಮ್ಮಪ್ಪ ಹೆಂಗ ನಡಸಿದ್ನೋ ಹಂಗ ನಡಸು" ಅಂದರು. ಹಾಗೆ ನಾನು ಕಂಡಕ್ಟರನಾದೆ. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಹೊಲ ಇಲ್ಲ, ಬೇರೆ ದಾರಿ ಇಲ್ಲ. ಆ ಚೀಲವೇ ನಮ್ಮ ಅನ್ನ.

ಸೀಟಿಯ ಬಗ್ಗೆ ಒಂದು ಮಾತು ಹೇಳಬೇಕು. ಹೊಳೆಯುವ ಲೋಹದ್ದು, ಒಳಗೆ ಸಣ್ಣ ಬೆಂಡಿನ ಗುಂಡು. ಒಮ್ಮೆ ಊದಿದರೆ ನಿಲ್ಲು, ಎರಡು ಸಲ ಊದಿದರೆ ಹೊರಡು. ಡ್ರೈವರ್ ಖಾಸಿಂ ಸಾಬರಿಗೆ ಆ ಸೀಟಿಯ ಹೊರತು ಬೇರೆ ಭಾಷೆಯೇ ತಿಳಿಯದು. ಇಂಜಿನ್ನಿನ ಗದ್ದಲದಲ್ಲಿ ಗಂಟಲು ಹರಿದುಕೊಂಡರೂ ಕೇಳದ ಅವರ ಕಿವಿಗೆ ಸೀಟಿ ಮಾತ್ರ ಸೂಜಿಯಂತೆ ಹೋಗುತ್ತಿತ್ತು. ಅದಕ್ಕೇ ನಾನು ಅದನ್ನು ಬಾಯಿಂದ ತೆಗೆಯುತ್ತಲೇ ಇರಲಿಲ್ಲ. ಟಿಕೇಟು ಹರಿಯುವಾಗಲೂ, ಬುಟ್ಟಿ ಏರಿಸುವಾಗಲೂ, ನಿಂತಲ್ಲೇ ತೂಕಡಿಸುವಾಗಲೂ ತುಟಿಗಳ ನಡುವೆ ಅಪ್ಪನ ಸೀಟಿ. ರಾತ್ರಿ ಮನೆಗೆ ಬಂದರೆ ಅವ್ವ ಕೈಚಾಚಿ ಇಸಿದುಕೊಳ್ಳುತ್ತಿದ್ದಳು. ದೇವರ ಸಾಮಾನು ಬೆಳಗುವ ಹುಣಸೆಹಣ್ಣಿನಲ್ಲೇ ಅದನ್ನೂ ಬೆಳಗಿ, ಒರೆಸಿ, ಅಪ್ಪನ ಪಟದ ಮುಂದೆ ಇಟ್ಟು, ಬೆಳಿಗ್ಗೆ ನನ್ನ ಕೈಗೆ ಕೊಡುತ್ತಿದ್ದಳು. ಅಪ್ಪ ಇದ್ದಾಗ ಅವನು ಅದನ್ನು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡರೆ ಮುಗಿಯುತ್ತಿತ್ತು. ಅವನು ಹೋದ ಮೇಲೆ ಅವ್ವನಿಗೆ ಉಳಿದ ಸೇವೆ ಅದೊಂದೇ.

ಕಂಡಕ್ಟರನಾಗಿ ವರ್ಷ ತುಂಬುವ ಹೊತ್ತಿಗೆ ನನ್ನ ತುಟಿ ಉರಿಯತೊಡಗಿತು. ಮೊದಲು ಬಿಸಿಲಿಗೆ ಇರಬೇಕು ಅಂದುಕೊಂಡೆ. ಆಮೇಲೆ ಕೆಂಪಾಗಿ ಬಾತು, ಸಿಪ್ಪೆ ಏಳತೊಡಗಿತು. ಇವತ್ತು ಒಂದು ಪದರ ಕಿತ್ತರೆ ನಾಳೆಗೆ ಇನ್ನೊಂದು ತಯಾರು. ಸಿಪ್ಪೆ ಇದ್ದರೆ ಸುಮ್ಮನಿರುವ ಜಾತಿ ನನ್ನದಲ್ಲ. ಸೀಟಿ ಅತ್ತ ಸರಿಸಿ ಹಲ್ಲಿನಿಂದ ಕಚ್ಚಿ ಎಳೆಯುವುದು, ರಕ್ತ ಜಿನುಗಿದರೆ ನೆಕ್ಕುವುದು, ಒಣಗಿದರೆ ಮತ್ತೆ ನೆಕ್ಕುವುದು. ಹಡಗಲಿಯಿಂದ ಕೂಡ್ಲಿಗಿ ತನಕ ನನ್ನ ನಾಲಗೆಗೆ ಇದೇ ಕೆಲಸ.

ಬಸ್ಸಿನಲ್ಲಿ ಕೆಲಸ ಮಾಡುವವನ ಮುಖದ ಮೇಲೆ ಕಾಯಿಲೆ ಬಂದರೆ ಅದು ಅವನೊಬ್ಬನದಾಗಿ ಉಳಿಯುವುದಿಲ್ಲ. ಹತ್ತಿದವರೆಲ್ಲ ಮೊದಲು ನನ್ನ ತುಟಿ ನೋಡಿ, ಆಮೇಲೆ ಊರ ಹೆಸರು ಹೇಳಿ ಟಿಕೇಟು ಕೇಳುತ್ತಿದ್ದರು. "ಉಷ್ಣ ಆಗೇತಪಾ ಕೊಟ್ರೇಶಿ. ದಿನಾ ಬಾನೆಟ್ ಮಗ್ಗಲಿಗೆ ನಿಂದ್ರತೀಯಲ್ಲ" ಎಂದು ಹಗರಿಬೊಮ್ಮನಹಳ್ಳಿಯ ಬೆಣ್ಣೆ ಮಾರುವಾಕೆ ಎಲೆಯಲ್ಲಿ ಬೆಣ್ಣೆ ಕೊಟ್ಟಳು. ಹಿರೇಹಡಗಲಿಯ ಯಜಮಾನರೊಬ್ಬರು ಮಲ್ಲಿಗೆ ಎಲೆ ಅಗಿದು ಅದರ ರಸ ಹಚ್ಚಿಕೊಳ್ಳಲು ಹೇಳಿದರು. ಹರಪನಹಳ್ಳಿಯವರೊಬ್ಬರು ಸುಣ್ಣದ ತಿಳಿಯಲ್ಲಿ ಜೇನು ಕಲಸಿಕೊಳ್ಳಲು ಹೇಳಿದರು, ಕಲಸಿ ಹಚ್ಚಿಕೊಂಡ ದಿನ ನಾನು ಊಟ ಮಾಡಲಿಲ್ಲ. ಇವರೆಲ್ಲರ ಮೇಲೆ ಕೊಟ್ಟೂರಿನ ಮುದುಕಿಯೊಬ್ಬಳ ಹುಕುಂ: "ತುಟಿಗಿ ಏನು ಹಚ್ಚಿದ್ರೂ ಹೋಗಂಗಿಲ್ಲೋ ಹುಚ್ಚಪ್ಪಾ. ಹೊಕ್ಕಳಕ್ಕ ಹರಳೆಣ್ಣಿ ಬಿಟ್ಕ್ಯ. ತುಟಿ ಬೇರು ಅಲ್ಲೈತಿ."

ನಾನು ಒಂದನ್ನೂ ಬಿಡಲಿಲ್ಲ. ಎಲ್ಲವನ್ನೂ ಮಾಡಿದೆ, ಕೆಲವನ್ನು ಒಟ್ಟಿಗೇ ಮಾಡಿದೆ. ಹರಳೆಣ್ಣೆ ಬಿಟ್ಟುಕೊಂಡ ಮೇಲೆ ಹೊಕ್ಕಳ ಕೆಳಗೆ ಕೆರೆತವೂ ಸೇರಿಕೊಂಡಿತು. ಎಣ್ಣೆ ನನಗೆ ಆಗಿಬರಲಿಲ್ಲ ಎಂದುಕೊಂಡು ಯಾರಿಗೂ ಹೇಳಲಿಲ್ಲ. ಕಂಡಕ್ಟರ್ ಹೊಕ್ಕಳ ಕೆರೆದುಕೊಳ್ಳುತ್ತಾನೆಂದು ಊರೂರಿಗೆ ಸುದ್ದಿಯಾಗುವುದು ಬೇಡವಾಗಿತ್ತು.

ಅವ್ವನದು ಬೇರೆ ಲೆಕ್ಕಾಚಾರ. ದಿನವಿಡೀ ರಸ್ತೆಯ ಧೂಳು ಕುಡಿಯುವ ಸೀಟಿ ಮೈಲಿಗೆಯಾಗಿದೆ, ಅದರಿಂದಲೇ ತುಟಿ ಹೀಗಾಗಿದೆ ಎಂದು ಅವಳು ತೀರ್ಮಾನಿಸಿದಳು. ಅಂದಿನಿಂದ ಹುಣಸೆಹಣ್ಣಿನ ಜೊತೆಗೆ ಉಪ್ಪು, ಬೂದಿ ಸೇರಿದವು. ನನ್ನ ತುಟಿ ಹೆಚ್ಚು ಸುಲಿದಷ್ಟೂ ಅವಳು ಹೆಚ್ಚು ತಿಕ್ಕಿದಳು. ಅವಳ ಬೆರಳ ತುದಿಗಳು ಸವೆದು ನುಣ್ಣಗಾಗಿದ್ದವು.

ನಗುತ್ತ ಮದ್ದು ಹೇಳುತ್ತಿದ್ದ ಜನ ನಿಧಾನವಾಗಿ ನಗುವುದನ್ನು ಬಿಟ್ಟರು. ನಾನು ಬೆರಳಿಗೆ ಎಂಜಲು ತಾಗಿಸಿ ಟಿಕೇಟು ಹರಿಯುವವನು. "ಅಲ್ಲೇ ಸೀಟಿನ ಮ್ಯಾಲ ಇಡಪಾ, ತಗಂತೀನಿ" ಎಂದು ಒಬ್ಬರು, ಸೆರಗಿನ ತುದಿಯಲ್ಲಿ ಹಿಡಿದುಕೊಳ್ಳುವವರು ಇನ್ನೊಬ್ಬರು. ಹಿಂದಿನ ಸೀಟಿನಲ್ಲಿ ಯಾರೋ "ದೊಡ್ಡ ರೋಗ ಇರಬೇಕು" ಅಂದದ್ದು ನನ್ನ ಕಿವಿಗೆ ಬಿತ್ತು. ದೊಡ್ಡ ರೋಗ ಎಂದರೆ ಕುಷ್ಠ. ಆ ಕಾಲದಲ್ಲಿ ಆ ಮಾತು ಒಮ್ಮೆ ಹತ್ತಿದರೆ ಬಿಡುವಂಥದ್ದಲ್ಲ. ಸಾಹುಕಾರರ ಕಿವಿಗೂ ಮುಟ್ಟಿತು. ಕೆಟ್ಟವರಲ್ಲ ಅವರು, ಆದರೂ ಬಸ್ಸು ಓಡಬೇಕಲ್ಲ. "ಯುಗಾದಿತನಕ ನೋಡ್ತೀನಿ ಕೊಟ್ರೇಶಿ. ಅಷ್ಟರಾಗ ವಾಸಿಯಾದ್ರ ಪಾಡಾತು. ಇಲ್ಲಾಂದ್ರ ಬ್ಯಾರೆಯವ್ನ್ನ ಹಾಕ್ಕೋಬೇಕಾಗತೈತಿ" ಅಂದರು. ಅಪ್ಪನ ಜಾಗ ನನ್ನ ತುಟಿಯಿಂದ ಹೋಗುತ್ತದೆಯಲ್ಲ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಆ ರೋಗವೇ ಇದ್ದರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಕೂಡ್ಲಿಗಿಯ ಆಸ್ಪತ್ರೆಗೆ ಆ ವರ್ಷ ಹೊಸ ಡಾಕ್ಟರಮ್ಮ ಬಂದಿದ್ದರು. ಮೈಸೂರು ಕಡೆಯವರು, ಸಣ್ಣ ವಯಸ್ಸು, ದಪ್ಪ ಕನ್ನಡಕ. ವಾರಕ್ಕೊಮ್ಮೆ ಕಾನಹೊಸಹಳ್ಳಿಗೆ ರೋಗಿಗಳನ್ನು ನೋಡಲು ನನ್ನ ಬಸ್ಸಿನಲ್ಲೇ ಹೋಗುತ್ತಿದ್ದರು. ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತು ನನ್ನನ್ನೇ ನೋಡುತ್ತಿದ್ದರು. ಇಡೀ ಬಸ್ಸಿನಲ್ಲಿ ನನಗೆ ಮದ್ದು ಹೇಳದವರು ಅವರೊಬ್ಬರೇ. ಡಾಕ್ಟರಾಗಿ ಇದೇನಪ್ಪ ಎಂದು ನನಗೆ ಒಳಗೊಳಗೇ ಸಿಟ್ಟು. ಒಂದು ದಿನ ಇಳಿಯುವಾಗ, "ಕೊಟ್ರೇಶ್, ನಾಳೆ ಆಸ್ಪತ್ರೆಗೆ ಬನ್ನಿ. ತುಟಿಗೆ ಏನೂ ಹಚ್ಚಿಕೊಳ್ಳದೆ ಬನ್ನಿ" ಅಂದರು.

ಹೋದೆ. ಅವರು ಕೈಕಾಲಿನ ಚರ್ಮವನ್ನು ಹತ್ತಿಯಿಂದ, ಸೂಜಿಯಿಂದ ಮುಟ್ಟಿ ನೋಡಿದರು, ಮೊಣಕೈ ಹಿಂದಿನ ನರ ಒತ್ತಿ ನೋಡಿದರು. "ನೀವು ಹೆದರಿಕೊಂಡಿರೋ ರೋಗ ಇದಲ್ಲ" ಅಂದರು. ಅದನ್ನು ಕೇಳಿಯೇ ನನಗೆ ಅರ್ಧ ಜೀವ ಬಂತು. ಆಮೇಲೆ ಅವರು ಹೇಳಿದ್ದು ನನ್ನನ್ನು ದಂಗುಬಡಿಸಿತು. ನಾನು ಎಡಗಡೆಯ ಹಲ್ಲಿನಿಂದ ಸಿಪ್ಪೆ ಎಳೆಯುತ್ತೇನೆ, ಬಸ್ಸು ಹೊರಟ ಕೂಡಲೇ ನೆಕ್ಕುತ್ತೇನೆ, ಊಟಕ್ಕೆ ಮಾತ್ರ ಸೀಟಿ ತೆಗೆಯುತ್ತೇನೆ, ತುಟಿಯ ಎರಡು ಮೂಲೆಗಿಂತ ನಟ್ಟನಡುವೆ, ಸೀಟಿ ಕೂರುವಲ್ಲೇ ಜಾಸ್ತಿ ಸುಲಿದಿದೆ. ಇಷ್ಟೂ ಅವರಿಗೆ ಗೊತ್ತಿತ್ತು. ಅಷ್ಟು ವಾರ ಅವರು ಸುಮ್ಮನೆ ಕೂತಿದ್ದರೆಂದು ನಾನು ತಿಳಿದಿದ್ದೆ. ಒಬ್ಬರು ಇನ್ನೊಬ್ಬರ ತುಟಿಯನ್ನು ಇಷ್ಟು ಶ್ರದ್ಧೆಯಿಂದ ನೋಡಬಹುದೆಂದು ನನಗೆ ಅಲ್ಲಿಯತನಕ ತಿಳಿದೇ ಇರಲಿಲ್ಲ.

"ಮೈಯಲ್ಲಿ ಬೇರೆ ಎಲ್ಲಾದರೂ ಕೆರೆತ ಇದೆಯಾ?" ಎಂದು ಕೇಳಿದರು.

ನಾನು ನೆಲ ನೋಡಿದೆ. ನನಗಿಂತ ನಾಲ್ಕಾರು ವರ್ಷ ದೊಡ್ಡ ಹೆಣ್ಣುಮಗಳ ಮುಂದೆ ಹೊಕ್ಕಳ ಸುದ್ದಿ ಹೇಗೆ ತೆಗೆಯುವುದು? "ಐತ್ರಿ ಅಮ್ಮಾರ. ಹರಳೆಣ್ಣಿ ಬಿಟ್ಕಂಡಿದ್ದೆ, ಅದರ್ದು" ಎಂದು ಕಷ್ಟಪಟ್ಟು ಹೇಳಿದೆ. ತೋರಿಸಿ ಅಂದರು. ಕಣ್ಣು ಮುಚ್ಚಿಕೊಂಡು ಅಂಗಿ ಎತ್ತಿದೆ. ಹೊಕ್ಕಳ ಕೆಳಗೆ ಅಗಲಕ್ಕೆ ಕೆಂಪು ಮಚ್ಚೆ ಎದ್ದಿತ್ತು. ಅವರು ಮಚ್ಚೆ ನೋಡಿದರು, ನನ್ನ ಬೆಲ್ಟಿನ ಬಕಲ್ ನೋಡಿದರು, ಮತ್ತೆ ಮಚ್ಚೆ ನೋಡಿದರು. ಮುಖ ಅರಳಿಬಿಟ್ಟಿತು. "ಎಣ್ಣೆಯದಲ್ಲ ಕೊಟ್ರೇಶ್, ಬಕಲಿನದು! ಇದೂ ನಿಮ್ಮ ಸೀಟಿಯ ಥರದ್ದೇ ಲೋಹ" ಅಂದರು. ನನಗೆ ಏನೂ ತಿಳಿಯಲಿಲ್ಲ. ಕೊಟ್ಟೂರಿನ ಮುದುಕಿ ತುಟಿಯ ಬೇರು ಹೊಕ್ಕಳದಲ್ಲಿದೆ ಅಂದಿದ್ದು ಮಾತ್ರ ನೆನಪಾಗಿ ಮೈ ಜುಮ್ಮೆಂದಿತು.

ಆದರೂ ಗುಮಾನಿಯ ಮೇಲೆ ತೀರ್ಪು ಕೊಡುವ ಜನ ಅವರಲ್ಲ. "ಬೆನ್ನನ್ನ ಕೇಳೋಣ" ಅಂದರು. ನನ್ನ ಬಾಯಿಗೆ ತಾಗುವ ಸಾಮಾನೆಲ್ಲ ತರಿಸಿಕೊಂಡು, ಬೆನ್ನಿನ ಮೇಲೆ ಒಂದೊಂದೇ ಇಟ್ಟು ಪಟ್ಟಿ ಅಂಟಿಸಿದರು. ನನ್ನ ಹಲ್ಲುಪುಡಿ ಒಂದು ಕಡೆ, ಟಿಕೇಟಿನ ಕಾಗದ ಒಂದು ಕಡೆ, ನಾನು ನಾಲಗೆಗೆ ತಾಗಿಸಿ ಬರೆಯುವ ನೀಲಿ ಪೆನ್ಸಿಲ್ಲಿನ ಪುಡಿ ಇನ್ನೊಂದು ಕಡೆ, ಭುಜದ ಕೆಳಗೆ ಅಪ್ಪನ ಸೀಟಿ. ಸೋಮವಾರ ಕಟ್ಟಿದ್ದನ್ನು ಬುಧವಾರ ಬಿಚ್ಚುತ್ತೇನೆ, ಅಲ್ಲಿಯವರೆಗೆ ಸ್ನಾನವಿಲ್ಲ, ಬೆವರಬಾರದು ಅಂದರು. ನಾನು ರಜೆ ಹಾಕಿ ಮನೆಯಲ್ಲಿ ಬೋರಲು ಮಲಗಿದೆ. ಬೆನ್ನಿನ ಮೇಲೆ ಅಂಗಡಿ ಹೂಡಿಕೊಂಡು ಬಂದ ಮಗನನ್ನು ನೋಡಿ ಅವ್ವ ಗಾಬರಿಯಾದಳು. "ತುಟಿಗಿ ಔಷಧ ಕೇಳಿದ್ರ ಬೆನ್ನಿಗಿ ಕಟ್ಟಿ ಕಳಿಸ್ಯಾಳಲ್ಲೋ! ಆಕಿ ಖರೇನ ಡಾಕ್ಟರ್ ಹೌದೋ ಅಲ್ಲೋ?" ಎಂದು ಬುಧವಾರ ನನ್ನ ಜೊತೆಗೇ ಹೊರಟಳು.

ಪಟ್ಟಿ ಬಿಚ್ಚಿದರು. ಹಲ್ಲುಪುಡಿ ಇದ್ದಲ್ಲಿ ಏನಿಲ್ಲ. ಕಾಗದ, ಪೆನ್ಸಿಲ್ ಇದ್ದಲ್ಲಿ ಏನಿಲ್ಲ. ಡಾಕ್ಟರಮ್ಮ ಒಂದು ಕನ್ನಡಿ ಹಿಂದೆ ಹಿಡಿದು, ಇನ್ನೊಂದನ್ನು ನನ್ನ ಕೈಗೆ ಕೊಟ್ಟು ನೋಡಲು ಹೇಳಿದರು. ನನ್ನ ಭುಜದ ಕೆಳಗೆ ಸೀಟಿ ಇತ್ತು. ಅಂದರೆ ಸೀಟಿಯನ್ನು ಆಗಲೇ ತೆಗೆದಿದ್ದರು, ಅದರ ಆಕಾರ ಅಲ್ಲಿತ್ತು. ಕೆಂಪಗೆ, ಸಣ್ಣ ಸಣ್ಣ ನೀರ್ಗುಳ್ಳೆಗಳಾಗಿ, ಊದುವ ಕೊಳವೆ, ಗುಂಡಗಿನ ಹೊಟ್ಟೆ, ದಾರ ಕಟ್ಟುವ ಬಳೆಯ ಸಮೇತ ಅಚ್ಚೊತ್ತಿತ್ತು.

ಆ ಕ್ಷಣ ನನಗಾದ ಬೆರಗನ್ನು ಇವತ್ತಿಗೂ ಸರಿಯಾಗಿ ಹೇಳಲಾರೆ. ನನ್ನ ಬೆನ್ನು ಯಾವತ್ತೂ ಸೀಟಿ ಊದಿರಲಿಲ್ಲ. ಅದನ್ನು ಕಂಡೂ ಇರಲಿಲ್ಲ. ಆದರೂ ತುಟಿಗೆ ಆದದ್ದು ಅದಕ್ಕೆ ಗೊತ್ತಿತ್ತು. ಮೈಯೊಳಗೆ ಯಾರು ಯಾರಿಗೆ ಹೇಳಿದರು, ಯಾವ ದಾರಿಯಿಂದ ಆ ಸುದ್ದಿ ತುಟಿಯಿಂದ ಬೆನ್ನಿಗೆ ಹೋಯಿತು? ಹುಟ್ಟಿದಾಗಿನಿಂದ ನನ್ನದೇ ಎಂದುಕೊಂಡಿದ್ದ ಮೈ, ನನಗೆ ತಿಳಿಯದ ಎಷ್ಟೊಂದನ್ನು ತಿಳಿದುಕೊಂಡು ಸುಮ್ಮನಿದೆಯಲ್ಲ ಎಂದು ಕನ್ನಡಿಯನ್ನು ಅತ್ತಿತ್ತ ತಿರುಗಿಸಿ ಮತ್ತೆ ಮತ್ತೆ ನೋಡಿದೆ. "ಚರ್ಮ ಒಮ್ಮೆ ಒಂದನ್ನು ಶತ್ರು ಅಂತ ಗುರುತು ಹಿಡಿದರೆ ಆಮೇಲೆ ಮರೆಯಲ್ಲ. ಇಡೀ ಮೈಗೆ ಗೊತ್ತಾಗಿರುತ್ತೆ" ಎಂದರು ಡಾಕ್ಟರಮ್ಮ. ಆಮೇಲೆ ಸೀಟಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೇಲೆ ತೆಳ್ಳಗೆ ಒಂದು ಹೊಳಪಿನ ಲೇಪ, ಅದರ ಕೆಳಗೆ ನಿಕ್ಕಲ್ ಎಂಬ ಲೋಹ, ಅದರ ಕೆಳಗೆ ಹಿತ್ತಾಳೆ. ನನ್ನ ಚರ್ಮಕ್ಕೆ ಆಗದಿರುವುದು ಆ ನಿಕ್ಕಲ್. "ಮೇಲಿನ ಲೇಪ ಇರೋತನಕ ಅಷ್ಟು ತೊಂದರೆ ಇರಲ್ಲ. ಇದರದ್ದು ಪೂರ್ತಿ ಸವೆದು ಹೋಗಿದೆ. ಯಾವುದರಲ್ಲಿ ಉಜ್ತೀರಿ?"

"ಹುಣಸಿಹಣ್ಣಿಲೆ ತಿಕ್ತೀವ್ರಿ" ಎಂದೆ ನಾನು ಹೆಮ್ಮೆಯಿಂದ.

ಅಂದ ಮೇಲೆ ನನಗೆ ತಿಳಿಯಿತು. ಬಾಗಿಲ ಬಳಿ ನಿಂತಿದ್ದ ಅವ್ವ ನನಗಿಂತ ಮೊದಲೇ ತಿಳಿದುಕೊಂಡಿದ್ದಳು. ಎರಡು ಕೈಯನ್ನೂ ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಬಂದಳು. "ಹಂಗಾದ್ರ ಅಮ್ಮಾರ, ನಾನ ತಿಕ್ಕಿ ತಿಕ್ಕಿ ನನ್ನ ಮಗನ ಬಾಯಿಗೆ ಇಟ್ಟೆನೇನ್ರಿ?"

ಡಾಕ್ಟರಮ್ಮ ಎದ್ದು ಬಂದು ಸೆರಗಿನೊಳಗಿನ ಕೈಯನ್ನು ಹೊರಗೆ ತೆಗೆದು ಹಿಡಿದುಕೊಂಡರು. "ನೋಡಿ ಅಮ್ಮ, ದಿನಾ ಮುಟ್ಟಿದ ಈ ಕೈಗೆ ಏನೂ ಆಗಿಲ್ಲ. ಅಷ್ಟು ವರ್ಷ ಊದಿದ ನಿಮ್ಮ ಯಜಮಾನರಿಗೂ ಏನೂ ಆಗಲಿಲ್ಲ ಅಂತ ಇವರೇ ಹೇಳಿದರು. ಇದು ಇವರ ಚರ್ಮದ ಸ್ವಭಾವ, ಯಾರ ತಪ್ಪೂ ಅಲ್ಲ." ಅವ್ವ ತಲೆಯಾಡಿಸಿದಳು. ಒಪ್ಪಿಕೊಳ್ಳಲಿಲ್ಲ ಎಂದು ನನಗೆ ಗೊತ್ತಾಯಿತು. ಅಂದಿನಿಂದ ಅವಳು ನನ್ನ ಮುಖ ನೋಡುವುದನ್ನೇ ಬಿಟ್ಟಳು. ತಟ್ಟೆ ನೋಡಿಕೊಂಡು ರೊಟ್ಟಿ ಬಡಿಸುವಳು, ನೆಲ ನೋಡಿಕೊಂಡು ನೀರು ಇಡುವಳು.

ಡಾಕ್ಟರಮ್ಮನ ಚಿಕಿತ್ಸೆ ಕೇಳಿದರೆ ನೀವು ನಗುತ್ತೀರಿ. ಕೆಲವು ದಿನ ತೆಳ್ಳಗೆ ಹಚ್ಚಲು ಒಂದು ಔಷಧ, ಆಮೇಲೆ ಮೇಣದಂಥ ಬಿಳಿ ಮುಲಾಮು. ಅಷ್ಟೇ. ಉಳಿದದ್ದೆಲ್ಲ ಬಿಡುವುದು. ಸೀಟಿ ಬಿಡಬೇಕು, ಬಕಲ್ ಬಿಡಬೇಕು, ಬೆಣ್ಣೆ, ಜೇನು, ಎಲೆಯ ರಸ ಬಿಡಬೇಕು. ಸಿಪ್ಪೆ ಎದ್ದರೆ ಮುಟ್ಟಬಾರದು, ಒಣಗಿದರೆ ನೆಕ್ಕಬಾರದು. "ನಿಮ್ಮ ಮೈ ದಿನಾ ಹೊಸ ಚರ್ಮ ಮಾಡಿ ಕೊಡ್ತಾನೇ ಇದೆ. ನೀವು ದಿನಾ ಕಿತ್ತು ಎಸೀತಿದ್ದೀರಿ. ಅದರ ಕೆಲಸ ಅದಕ್ಕೆ ಬಿಡಿ" ಅಂದರು. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸವೆಂದು ನನಗೆ ಗೊತ್ತಿರಲಿಲ್ಲ.

ಸೀಟಿ ಇಲ್ಲದೆ ಖಾಸಿಂ ಸಾಬರಿಗೆ ತಿಳಿಸುವುದು ಹೇಗೆ? ಬೇರೆ ಲೋಹದ ಸೀಟಿ ಹುಡುಕುವುದಕ್ಕೂ ಧೈರ್ಯ ಸಾಲದು. ಮಾರನೆಯ ಬೆಳಿಗ್ಗೆ ಅವ್ವ ದೇವರ ಜಗುಲಿಯ ಮೇಲಿನ ಗಂಟೆ ತಂದು ನನ್ನ ಚೀಲದಲ್ಲಿ ಹಾಕಿದಳು. ಖಾಸಿಂ ಸಾಬರು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ತಮ್ಮ ಕಿವಿಯ ಪಕ್ಕಕ್ಕೆ ತೂಗುಹಾಕಿ, ಅದರ ಹಗ್ಗವನ್ನು ಹಿಂದಿನ ಬಾಗಿಲತನಕ ಎಳೆದು ಕಟ್ಟಿದರು. "ನಿಮ್ಮಪ್ಪನ ಸೀಟಿಗಿ ಅಷ್ಟು ವರ್ಷ ಗಾಡಿ ಬಿಟ್ಟೀನಿ. ಇನ್ನ ಮ್ಯಾಲ ನಿಮ್ಮವ್ವನ ಗಂಟಿಗಿ ಬಿಡ್ತೀನಿ. ಜಗ್ಗಲೇ ಕೊಟ್ರ್ಯಾ" ಅಂದರು. ಜಗ್ಗಿದೆ. ಬಸ್ಸಿನಲ್ಲಿ ಗಂಟೆ ಮೊಳಗಿತು. ಮುಂದಿನ ಸೀಟಿನ ಮುದುಕಿಯರು ಗಾಬರಿಯಿಂದ ಎದ್ದು ಕೈಮುಗಿದರು.

ಇನ್ನು ನಾಲಗೆಯ ಕಾವಲಿಗೆ ಇಡೀ ಬಸ್ಸು ನಿಂತಿತು. ಡಾಕ್ಟರಮ್ಮ ಒಂದು ದಿನ ಪ್ರಯಾಣದಲ್ಲಿ ಎಲ್ಲರಿಗೂ ಕೇಳುವಂತೆ, ಇದು ಒಬ್ಬರಿಂದ ಒಬ್ಬರಿಗೆ ಹತ್ತುವುದಲ್ಲ, ಇವರು ನೆಕ್ಕದಂತೆ ನೋಡಿಕೊಳ್ಳಿ ಎಂದು ಹೇಳಿದ್ದರು. ಸೆರಗಿನ ತುದಿಯಲ್ಲಿ ಟಿಕೇಟು ಹಿಡಿಯುತ್ತಿದ್ದವರೇ ಈಗ ನನ್ನ ಬಾಯಿ ಕಾಯತೊಡಗಿದರು. ನಾಲಗೆ ಸ್ವಲ್ಪ ಇಣುಕಿದರೆ ಸಾಕು, ಕನ್ನಡಿಯಲ್ಲಿ ನೋಡುತ್ತಿದ್ದ ಖಾಸಿಂ ಸಾಬರು "ನಾಲಗಿ ಒಳಗ!" ಎಂದು ಕೂಗುವರು. ಬೆಣ್ಣೆಯಾಕೆ ಕೂಗುವಳು. ಅವಳ ಹಿಂದೆ ಶೇಂಗಾ ಚೀಲದ ಮೇಲೆ ಕೂತವರೂ ಕೂಗುವರು. ನಾನು ನಾಚಿ ನಾಲಗೆ ಎಳೆದುಕೊಳ್ಳುವೆ. ಅಷ್ಟು ಜನ ನನ್ನ ಎರಡು ಬೆರಳಗಲದ ಚರ್ಮಕ್ಕಾಗಿ ಕಾಳಜಿ ಮಾಡಿದರು.

ಯುಗಾದಿ ಹತ್ತಿರ ಬಂತು. ಸಿಪ್ಪೆ ಕಡಿಮೆಯಾಯಿತು, ಮತ್ತೆ ಒಮ್ಮೆ ಎದ್ದಿತು. ನಾನು ಧೈರ್ಯ ಕಳೆದುಕೊಂಡೆ, ಆದರೂ ಮುಟ್ಟಲಿಲ್ಲ. ಹಬ್ಬದ ಹಿಂದಿನ ದಿನ ಹಗರಿಬೊಮ್ಮನಹಳ್ಳಿಯಲ್ಲಿ ಸಾಹುಕಾರರು ಬಸ್ಸು ಹತ್ತಿದರು. ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಕೊನೆಗೆ ಗದ್ದ ಬಿಟ್ಟು, "ಹೊಂಡ್ರಪಾ, ಹೊತ್ತಾತು" ಅಂದರು. ನಾನು ಹಗ್ಗ ಜಗ್ಗಿದೆ. ಗಂಟೆ ಮೊಳಗಿದ್ದೇ ತಡ, ಅವರೂ ಕೈಮುಗಿದುಬಿಟ್ಟರು. ಆಮೇಲೆ ಸುತ್ತ ನೋಡಿ ಕೈಯನ್ನು ಮೀಸೆಗೆ ಒಯ್ದರು. "ಸೀಟಿಗಿಂತ ಇದ ಪಾಡೈತಿ ಬಿಡು" ಅಂದರು. ನನ್ನ ಜಾಗ ಉಳಿಯಿತು.

ಆ ಸಂಜೆ ಮನೆಗೆ ಹೋದಾಗ ಅವ್ವ ಒಲೆಯ ಮುಂದೆ ಇದ್ದಳು. ವಿಷಯ ಹೇಳಿದೆ. "ಚಲೋ ಆತು" ಎಂದು ಒಲೆಗೇ ಹೇಳಿದಳು. ನಾನು ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತು, "ಅವ್ವಾ, ಈ ಕಡಿ ನೋಡ" ಅಂದೆ. ನೋಡಲಿಲ್ಲ. ಮತ್ತೆ ಕರೆದೆ. ನಿಧಾನವಾಗಿ ತಲೆ ಎತ್ತಿದಳು. ಅಷ್ಟು ದಿನಗಳ ಮೇಲೆ ನಮ್ಮಿಬ್ಬರ ಕಣ್ಣು ಕೂಡಿದ್ದು ಆಗಲೇ. ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಇನ್ನೊಮ್ಮೆ ಒರೆಸಿಕೊಂಡಳು. ಆಮೇಲೆ ಆ ಸವೆದ ಬೆರಳನ್ನು ನನ್ನ ಕೆಳತುಟಿಯ ಮೇಲೆ ಈ ತುದಿಯಿಂದ ಆ ತುದಿಯತನಕ ಮೆಲ್ಲಗೆ ಆಡಿಸಿದಳು.

"ನೀ ಹುಟ್ಟಿದ ದಿನ ಹಿಂಗ ಇದ್ವು ನೋಡು" ಅಂದಳು.

ಆ ಬೆರಳು ಅಲ್ಲಿ ಇರುವಷ್ಟು ಹೊತ್ತು ನಾನು ತುಟಿ ಅಲುಗಿಸಲಿಲ್ಲ.